ಚುಕ್ಕಿ ಹೊಡೆದ ಚೈನ್‌ರಿಂಗ್

ನಂಬಿಕೆ ಅನ್ನುವುದು ಸೋಮಾರಿಗಳ ಗುಣ ಎಂದು ತಿಳಿದವನು ನಾನು. ಅಳೆದು ನೋಡುವುದಕ್ಕೆ ಬೇಸರಪಡುವವರು ನಂಬುತ್ತಾರೆ. ಪುಣೆಯ ಒಂದು ಗೇರ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದ ಗೇರುಗಳನ್ನೆಲ್ಲ ತಿರಸ್ಕೃತ ಮಾಲಿನ ಕೆಂಪು ಡಬ್ಬಿಗೆ ಹಾಕಿ ನಿವೃತ್ತನಾದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆಯನ್ನು ಹಿರಿಯರು ನನಗಾಗಿಯೇ ಮಾಡಿಟ್ಟಿದ್ದಾರೆ. ನನ್ನ ಹೆಂಡತಿ ರೇಣು ಬೇರೆ ಗಾದೆ ಹೇಳುತ್ತಾಳೆ: ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಾಯಿಪಲ್ಲೆಯವಳ ತಕ್ಕಡಿಯನ್ನು ಎತ್ತಿ ಕೆಳಗೆ ನೋಡುತ್ತೇನೆಂದು ಅವಳು ನನ್ನನ್ನು ಮಂಡಿಗೆ ಕರೆದುಕೊಂಡು ಹೋಗುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಬಿಡಲಿ, ತೂಕದಲ್ಲಿ ಮೋಸ ಹೋಗುವವಳು ಅವಳೇ.

ಇಂಥ ನಾನೂ ಒಂದು ಕಡೆ ಮಾತ್ರ ಮೆತ್ತಗಾಗುತ್ತಿದ್ದೆ. ಅದು ವಿಮಾನ ನಗರದ ಹಿಂದಿನ ಓಣಿಯಲ್ಲಿರುವ ಸಿದ್ರಾಮಪ್ಪನ ಸೈಕಲ್ ರಿಪೇರಿ ಅಂಗಡಿ. ಅವನು ಅಥಣಿ ಕಡೆಯವನು, ನಾನು ಬೈಲಹೊಂಗಲದವನು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟಿದರೆ ನನ್ನ ಬಾಯಿಗೆ ಮರಾಠಿ ತಾನಾಗಿ ಬಂದುಬಿಡುತ್ತದೆ. ಹಾಲಿನವನ ಜೊತೆ ಮರಾಠಿ, ಬ್ಯಾಂಕಿನಲ್ಲಿ ಮರಾಠಿ, ಸೈಕಲ್ ಗುಂಪಿನಲ್ಲಿ ಮರಾಠಿ. ಸಿದ್ರಾಮಪ್ಪನ ಸ್ಟೂಲಿನ ಮೇಲೆ ಕೂತಾಗ ಮಾತ್ರ ನಾಲಿಗೆ ಊರಿಗೆ ಹೋಗುತ್ತಿತ್ತು. ಅವನು 'ಅಣ್ಣಾರ, ಬರ್ರಿ' ಎಂದು ಸ್ಟೂಲು ಒರೆಸಿ ಕೊಟ್ಟರೆ ಗಂಟೆ ಹೋದದ್ದು ತಿಳಿಯುತ್ತಿರಲಿಲ್ಲ. ಮನೆಯ ಹೊರಗೆ ಕನ್ನಡ ಆಡುವುದಕ್ಕೆ ನನಗಿದ್ದದ್ದು ಅದೊಂದೇ ಜಾಗ. ಅದನ್ನು ನಾನು ಹೇಗೆ ಕಳೆದುಕೊಂಡೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೈಕಲ್ಲಿನ ಪೆಡಲ್ ದಂಡ ನನ್ನ ಕಾಲಿಗೆ ಉದ್ದವಾಗಿತ್ತು. ಮೊಣಕಾಲು ನೋಯುತ್ತಿತ್ತು. ದೀಪಾವಳಿ ಕಳೆದ ಮೇಲೆ ನಮ್ಮ ಭಾನುವಾರದ ಗುಂಪು ಪ್ರತಿವರ್ಷ ಭೋರ್‌ಗೆ ಸವಾರಿ ಹೋಗುತ್ತದೆ, ಘಾಟು ಹತ್ತಬೇಕು. ಹಾಗಾಗಿ ಗಿಡ್ಡ ದಂಡದ ಹೊಸ ಕ್ರ್ಯಾಂಕ್ ತರಿಸಿದೆ. ಅದು ಬರೀ ದಂಡ ಮತ್ತು ನಾಲ್ಕು ತೋಳುಗಳಷ್ಟೇ, ಚೈನು ಎಳೆಯುವ ಹಲ್ಲಿನ ಚಕ್ರ ಅದರ ಜೊತೆ ಬಂದಿರಲಿಲ್ಲ. ಆ ಚಕ್ರಕ್ಕೆ ಸವಾರರು ಚೈನ್‌ರಿಂಗ್ ಅನ್ನುತ್ತಾರೆ. ಹಳೆಯ ಕ್ರ್ಯಾಂಕಿನಲ್ಲಿ ಅಂಥವು ಮೂರಿದ್ದವು. ನಡುವಿನದು, ಮೂವತ್ತೆಂಟು ಹಲ್ಲಿನದು, ಬಹಳ ಒಳ್ಳೆಯ ಲೋಹದ್ದು. ಅದನ್ನೊಂದನ್ನೇ ಹೊಸ ಕ್ರ್ಯಾಂಕಿಗೆ ಹಾಕಿಸಿಕೊಂಡರೆ ಸಾಕು ಎಂದುಕೊಂಡೆ.

ಹೊಂದುತ್ತದೆಯೋ ಇಲ್ಲವೋ ಎಂದು ಅಂಗಡಿಯವನನ್ನು ಕೇಳುವ ಜಾತಿ ನಾನಲ್ಲ. ಮನೆಯಲ್ಲೇ ಹಳೆಯ ಚೈನ್‌ರಿಂಗ್ ಬಿಚ್ಚಿ, ತೊಳೆದು, ಅಳತೆಯ ವರ್ನಿಯರ್ ತೆಗೆದೆ. ಬೋಲ್ಟು ಹಾಕುವ ನಾಲ್ಕು ತೂತುಗಳಲ್ಲಿ ಅಕ್ಕಪಕ್ಕದ ಎರಡರ ಅಂತರ ಎಪ್ಪತ್ತಮೂರೂವರೆ ಮಿಲಿಮೀಟರ್. ಅದನ್ನು ಎರಡರ ವರ್ಗಮೂಲದಿಂದ ಗುಣಿಸಿದರೆ ತೂತುಗಳು ಕೂತಿರುವ ವೃತ್ತದ ಅಡ್ಡಳತೆ ಸಿಗುತ್ತದೆ, ನೂರಾ ನಾಲ್ಕು. ಹೊಸ ತೋಳುಗಳನ್ನು ಅಳೆದೆ. ಅಲ್ಲೂ ನೂರಾ ನಾಲ್ಕು. ಕ್ರ್ಯಾಂಕು ಕೂರುವ ಅಚ್ಚಿನ ತುದಿ ಹಳೆಯದಕ್ಕೂ ಹೊಸದಕ್ಕೂ ಚೌಕ. ಹಲ್ಲಿನ ದಪ್ಪಕ್ಕೂ ಚೈನಿನ ಒಳಅಗಲಕ್ಕೂ ಸರಿಯಿತ್ತು. ಎಲ್ಲವನ್ನೂ ಮೂರು ಮೂರು ಸಲ ಅಳೆದೆ.

ಆಮೇಲೆ ಅಭ್ಯಾಸದ ಕೆಲಸ ಮಾಡಿದೆ. ಕಾರ್ಖಾನೆಯಲ್ಲಿ ಹೊರಗಿನವರ ಬಳಿ ಕಾಯಿಸಿ ಹದ ಮಾಡಿಸಲು ಗೇರು ಕಳಿಸುವಾಗ ನಾವು ಗುಟ್ಟಾಗಿ ಒಂದು ಗುರುತು ಮಾಡುತ್ತಿದ್ದೆವು, ಬದಲಾಯಿಸಿದರೆ ಗೊತ್ತಾಗಲಿ ಎಂದು. ನಂಬರು ಕೊರೆದ ಮುಖದ ಮೇಲೆ, ತೂತಿನ ಪಕ್ಕ, ಪಂಚಿನ ಮೊನೆಯಿಂದ ಸಾಸಿವೆ ಗಾತ್ರದ ಒಂದು ಚುಕ್ಕಿ. ಆ ಮುಖ ಯಾವಾಗಲೂ ಹೊರಗೆ. ಅದನ್ನು ಒಳಗೆ ಮಾಡಿ ಕೂರಿಸಿದವನಿಗೆ ನಮ್ಮಲ್ಲಿ ಮೆಮೋ ಸಿಗುತ್ತಿತ್ತು. ಹಾಗೆಯೇ ಈ ಚೈನ್‌ರಿಂಗಿನ ಮೇಲೂ '38' ಎಂದು ಕೊರೆದ ಕಡೆ ಒಂದು ಚುಕ್ಕಿ ಹೊಡೆದೆ. ಸಿದ್ರಾಮಪ್ಪನ ಮೇಲೆ ಆಗ ನನಗೆ ಯಾವ ಸಂಶಯವೂ ಇರಲಿಲ್ಲ, ಇದನ್ನು ಆಣೆ ಮಾಡಿ ಹೇಳುತ್ತೇನೆ. ಆದರೂ ಹೊಡೆದೆ.

ಸೈಕಲ್ಲು, ಕ್ರ್ಯಾಂಕು, ಚೈನ್‌ರಿಂಗ್ ಮೂರನ್ನೂ ಸೋಮವಾರ ಅವನ ಅಂಗಡಿಯಲ್ಲಿ ಇಟ್ಟು, ಅಳತೆ ಬರೆದ ಚೀಟಿ ಕೊಟ್ಟೆ. ಅವನು ಚೀಟಿ ಓದಲಿಲ್ಲ, ಕಿಸೆಗೆ ಹಾಕಿಕೊಂಡ.

"ನೀವು ಅಳತಿ ಮಾಡಿದ ಮ್ಯಾಲ ನಂದೇನದ ಅಣ್ಣಾರ? ನಾ ಬರೇ ಬೋಲ್ಟ್ ಬಿಗಿಯಾಂವ."

ಮಂಗಳವಾರ ಸಂಜೆ ತರಲು ಹೋದೆ. ಕೆಲಸ ಚೊಕ್ಕವಾಗಿತ್ತು. ಅವನು ಪೆಡಲ್ ತಿರುಗಿಸಿ, ಒಂದು ಕಣ್ಣು ಮುಚ್ಚಿ ಚೈನು ನೇರ ಇದೆ ಎಂದು ತೋರಿಸಿದ. ನಾನು ಬಗ್ಗಿ ನೋಡಿದ್ದು ಚೈನನ್ನಲ್ಲ. ಚೈನ್‌ರಿಂಗಿನ ಹೊರಮುಖದ ಮೇಲೆ ಚುಕ್ಕಿ ಇರಲಿಲ್ಲ. '38' ಕೂಡ ಇರಲಿಲ್ಲ. ನುಣ್ಣಗೆ ಒರೆಸಿದ ಬೋಳು ಲೋಹ, ನಾಲ್ಕು ಬೋಲ್ಟಿನ ತಲೆ.

ಹಲ್ಲು ಎಣಿಸಿದೆ: ಮೂವತ್ತೆಂಟು. ಅಂದರೆ ಹುಷಾರಾಗಿ ಬದಲಾಯಿಸಿದ್ದಾನೆ. ಸವೆತ ನೋಡಿದೆ. ನನ್ನ ಚೈನ್‌ರಿಂಗಿನಲ್ಲಿ ಚೈನು ಎಳೆಯುವ ಬದಿಯ ಹಲ್ಲು ತುಸು ಸವೆದಿತ್ತು. ಇದರಲ್ಲಿ ಆ ಬದಿ ಚೂಪಾಗಿ ಚೆನ್ನಾಗಿತ್ತು, ಸವೆತ ಇದ್ದದ್ದು ಹಿಂಬದಿಗೆ. ಬೇರೆಯದೇ ಚಕ್ರ, ಇದಕ್ಕಿಂತ ಪುರಾವೆ ಏನು ಬೇಕು? ಅವನು ಕೈ ಒರೆಸಿಕೊಳ್ಳುತ್ತ, ಇನ್ನು ಐದು ವರ್ಷ ಚಿಂತೆಯಿಲ್ಲ ಅಂದ. ಹಳೆಯ ಚಕ್ರಕ್ಕೆ ಐದು ವರ್ಷದ ಆಯುಷ್ಯ ಎಲ್ಲಿಂದ ಬಂತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದಾನೆ ಎಂದುಕೊಂಡೆ.

"ಈ ಚೈನ್‌ರಿಂಗ್ ನಂದ ಹೌದಲ್ಲೋ ಸಿದ್ರಾಮಪ್ಪ?" ಎಂದು ತಮಾಷೆಯ ದನಿಯಲ್ಲಿ ಕೇಳಿದೆ.

"ನಿಮ್ದಲ್ದ ಮತ್ಯಾರದು ಅಣ್ಣಾರ," ಎಂದು ನಕ್ಕ.

ಆ ನಗು ನನಗೆ ಮನೆಯ ತನಕ ಚುಚ್ಚಿತು. ಚುಕ್ಕಿಯ ವಿಷಯ ನಾನು ಬಾಯಿ ಬಿಡಲಿಲ್ಲ. ತಪಾಸಣೆಯವನು ಗುರುತಿನ ಗುಟ್ಟು ಹೇಳಿದರೆ ಮುಗಿಯಿತು. ಆ ಕ್ಷಣದಲ್ಲೇ 'ನನ್ನ ಚುಕ್ಕಿ ಎಲ್ಲಿ' ಎಂದು ಬೈದು ಕೇಳಿದ್ದರೂ ಎಷ್ಟೋ ಚೆನ್ನಾಗಿತ್ತು. ಆದರೆ ನನಗೆ ಕಳ್ಳನನ್ನು ಹಿಡಿಯುವುದರಲ್ಲಿ ಇದ್ದ ಸುಖ ಕೇಳಿ ತಿಳಿಯುವುದರಲ್ಲಿ ಇರಲಿಲ್ಲ.

ಮನೆಯಲ್ಲಿ ರೇಣುಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಲೇ, ಅಷ್ಟು ವರ್ಷದಿಂದ ಗೊತ್ತಿರುವ ಮನುಷ್ಯ, ಒಂದು ಹಳೆಯ ಚಕ್ರ ಕದ್ದು ಏನು ಮಾಡುತ್ತಾನೆ ಅಂದಳು. ಒಳ್ಳೆಯ ಲೋಹದ್ದು ಎಂದು ನಾನು ವಾದಿಸಿದೆ. ನೀವೇ ಹೋಗಿ ನೇರ ಕೇಳಿ, ಇಲ್ಲದಿದ್ದರೆ ಸುಮ್ಮನಿರಿ ಅಂದಳು. ಎರಡನ್ನೂ ನಾನು ಮಾಡಲಿಲ್ಲ.

ನಮ್ಮ ಗುಂಪಿನ ಮುಂದಾಳು ಮಂದಾರ ಅನ್ನುವ ಮರಾಠಿ ಹುಡುಗ. ಹುಡುಗ ಅಂದರೂ ನಲವತ್ತು ದಾಟಿದೆ. ಭೋರ್ ಸವಾರಿಗೆ ಮುಂಚೆ ಗುಂಪಿನ ಮೂವತ್ತನಾಲ್ಕು ಸೈಕಲ್ಲುಗಳೂ ಸಿದ್ರಾಮಪ್ಪನಲ್ಲಿಗೆ ಹೋಗಿ ಎಣ್ಣೆ, ಬ್ರೇಕು, ಚೈನು ನೋಡಿಸಿಕೊಂಡು ಬರುವುದು ಪದ್ಧತಿ. ಆ ಪದ್ಧತಿ ಹಾಕಿದವನೇ ನಾನು. ಅವನ ಅಂಗಡಿಗೆ ವರ್ಷದ ದೊಡ್ಡ ಕೆಲಸ ಅದೇ. ಬುಧವಾರ ಮಂದಾರನಿಗೆ ಫೋನು ಮಾಡಿ, ಸೈಕಲ್ ಕೊಡುವ ಮೊದಲು ಎಲ್ಲರೂ ತಮ್ಮ ತಮ್ಮ ಭಾಗಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು ಅಂದೆ. ಯಾಕೆ ಕಾಕಾ ಎಂದು ಕೇಳಿದ. ಏನಿಲ್ಲ, ಸುಮ್ಮನೆ ಅಂದೆ. ಮತ್ತೆ ಕೇಳಿದ. ನನ್ನ ಚೈನ್‌ರಿಂಗ್ ಬದಲಾಗಿದೆ ಅಂತ ಕಾಣುತ್ತದೆ, ನೀನು ಯಾರಿಗೂ ಹೇಳಬೇಡ ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಹೇಳಬೇಡ ಅಂದಮೇಲೆ ನನ್ನ ಜವಾಬ್ದಾರಿ ಮುಗಿಯಿತು ಎಂದು ತಿಳಿದೆ.

ಮಧ್ಯಾಹ್ನದೊಳಗೆ ಗುಂಪಿನ ವಾಟ್ಸಾಪಿನಲ್ಲಿ ಬಂತು. ನನ್ನ ಹೆಸರು ಇರಲಿಲ್ಲ. 'ಕಾರ್ಖಾನೆಯಲ್ಲಿ ತಪಾಸಣೆ ಮಾಡಿದ ನಮ್ಮ ಹಿರಿಯ ಸದಸ್ಯರೊಬ್ಬರು' ಎಂದಿತ್ತು. ಆಮೇಲೆ ಎಲ್ಲರಿಗೂ ಒಂದೊಂದು ನೆನಪಾಯಿತು. ಒಬ್ಬರಿಗೆ ಎರಡು ವರ್ಷದ ಹಿಂದೆ ಬದಲಾದ ಟ್ಯೂಬು, ಇನ್ನೊಬ್ಬರಿಗೆ ಸೀಟಿನ ಬೋಲ್ಟು. ಪುರಾವೆ ಯಾರ ಬಳಿಯೂ ಇರಲಿಲ್ಲ. ಓದುತ್ತ ಓದುತ್ತ ನನಗೆ ಹೆಮ್ಮೆಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೆಮ್ಮೆಯೇ. ಮೂವತ್ತಮೂರು ಜನ ನೋಡದ್ದನ್ನು ನಾನೊಬ್ಬ ನೋಡಿದೆ. ಆ ವರ್ಷದ ಸೈಕಲ್ಲುಗಳೆಲ್ಲ ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಸೈಕಲ್ ಅಂಗಡಿಗೆ ಹೋಗಲಿ ಎಂದು ತೀರ್ಮಾನವಾಯಿತು.

ನಾನು ಸಿದ್ರಾಮಪ್ಪನ ಓಣಿ ಬಿಟ್ಟು ಬೇರೆ ದಾರಿ ಹಿಡಿದೆ. ಹತ್ತು ದಿನ ಹಾಗೆ ನಡೆಯಿತು. ಹನ್ನೊಂದನೆಯ ದಿನ ಔಷಧಿ ಅಂಗಡಿಯ ಮುಂದೆ ಅವನೇ ಸಿಕ್ಕ. ಕೈ ಎರಡೂ ಸ್ವಚ್ಛವಾಗಿದ್ದವು. ಅಷ್ಟು ಸ್ವಚ್ಛ ಕೈಯನ್ನು ನಾನು ಅವನಲ್ಲಿ ನೋಡಿರಲೇ ಇಲ್ಲ. ಮೊಣಕಾಲು ಹೇಗಿದೆ ಎಂದು ಮೊದಲು ವಿಚಾರಿಸಿದ. ಆಮೇಲೆ ಸಂಕೋಚದಿಂದ ಕೇಳಿದ.

"ಅಣ್ಣಾರ, ಈ ವರ್ಷ ಭೋರ್‌ಗೆ ಹೊಂಟಿಲ್ಲೇನ್ರಿ ನಿಮ್ಮ ಮಂದಿ? ಒಂದೂ ಸೈಕಲ್ ಬರಲಿಲ್ಲಲ್ಲ."

ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದೂ ನನ್ನನ್ನು ಪರೀಕ್ಷಿಸುತ್ತಿದ್ದಾನೋ ಎಂದು ಒಂದು ಗಳಿಗೆ ಅವನ ಮುಖವನ್ನೇ ನೋಡಿದೆ. ನನ್ನ ಬುದ್ಧಿಯೇ ಅಂಥದ್ದು. ಅಲ್ಲಿ ಪರೀಕ್ಷೆ ಏನೂ ಇರಲಿಲ್ಲ. ನಮ್ಮ ಸವಾರಿಯ ಬಗ್ಗೆ ನನಗಿನ್ನೂ ತಿಳಿದಿಲ್ಲ ಎಂದು ಸುಳ್ಳು ಹೇಳಿ ಬಂದೆ.

ಸುಳ್ಳು ಹೇಳಿಯಾಯಿತು, ಪುರಾವೆಯನ್ನಾದರೂ ಗಟ್ಟಿ ಮಾಡಿಕೊಳ್ಳೋಣ ಎಂದು ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಸೈಕಲ್ ನಿಲ್ಲಿಸಿದೆ. ಆ ಕಳ್ಳ ಚಕ್ರವನ್ನು ಬಿಚ್ಚಿ, ವರ್ನಿಯರ್ ಪಕ್ಕದಲ್ಲಿಟ್ಟು ಫೋಟೊ ತೆಗೆದು ಗುಂಪಿಗೆ ಹಾಕಬೇಕು, ಆಮೇಲೆ ಧೈರ್ಯವಾಗಿ ಅವನ ಮುಂದೆಯೂ ಇಡಬೇಕು ಎಂಬ ಯೋಚನೆ. ನಾಲ್ಕು ಬೋಲ್ಟು ಸಡಿಲಿಸಿದೆ. ಚೈನ್‌ರಿಂಗ್ ತೋಳುಗಳಿಂದ ಕಳಚಿ ಅಂಗೈಗೆ ಬಂತು. ತಿರುವಿ ನೋಡಿದೆ. ತೋಳಿಗೆ ಒತ್ತಿಕೊಂಡಿದ್ದ ಮುಖದ ಮೇಲೆ, ತೂತಿನ ಪಕ್ಕ, '38'. ಅದರ ಹತ್ತಿರ ಸಾಸಿವೆ ಗಾತ್ರದ ಚುಕ್ಕಿ.

ಎಲ್ಲ ತಿಳಿಯಿತು, ತಿಳಿಯಲು ಎರಡು ನಿಮಿಷ ಕೂಡ ಬೇಕಾಗಲಿಲ್ಲ. ಹಳೆಯ ಕ್ರ್ಯಾಂಕಿನಲ್ಲಿ ಈ ಚಕ್ರ ತೋಳುಗಳ ಒಳಬದಿಗಿತ್ತು. ಹೊಸದರಲ್ಲಿ ಅದು ಹೊರಬದಿಗೆ ಕೂರಬೇಕು. ಬೋಲ್ಟಿನ ತಲೆ ಹುದುಗಲು ತೂತಿನ ಸುತ್ತ ತಗ್ಗು ಇರುವುದು ಒಂದೇ ಮುಖಕ್ಕೆ, ಆ ಮುಖ ಹೊರಗೆ ಬರಬೇಕಾದರೆ ಚಕ್ರವನ್ನು ಮಗುಚಲೇಬೇಕು. ಮಗುಚಿದರೆ ಸವೆದ ಬದಿ ಹಿಂದಕ್ಕೆ ಹೋಗುತ್ತದೆ, ಸವೆಯದ ಬದಿ ಚೈನು ಎಳೆಯುತ್ತದೆ. ಅದಕ್ಕೇ ಇನ್ನೂ ಐದು ವರ್ಷ. ನಾನು ತೂತಿನ ಅಂತರ ಅಳೆದೆ, ಅಚ್ಚು ಅಳೆದೆ, ಹಲ್ಲಿನ ದಪ್ಪ ಅಳೆದೆ. ಯಾವ ಮುಖ ಯಾವ ಕಡೆಗೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಗುರುತಿನ ಮುಖ ಹೊರಗೆ ಎಂಬ ಕಾರ್ಖಾನೆಯ ನಿಯಮ ಪ್ರಪಂಚಕ್ಕೆಲ್ಲ ಅನ್ವಯಿಸುತ್ತದೆ ಎಂದು ತಿಳಿದಿದ್ದ ಮೂರ್ಖ ನಾನು.

ರೇಣು ಬಂದು ನೋಡಿದಳು. ನಾನು ಚುಕ್ಕಿ ತೋರಿಸಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ಈ ಸಲ ನೀವು ಕೆಂಪು ಡಬ್ಬಿಗೆ ಹಾಕಿದ್ದು ಗೇರಲ್ರಿ, ಮನಷ್ಯಾನ್ನ," ಅಂದಳು.

ಮೊದಲು ಗುಂಪಿಗೆ ಬರೆದೆ. ತಪ್ಪು ನನ್ನದು, ಚೈನ್‌ರಿಂಗ್ ನನ್ನದೇ, ಸಿದ್ರಾಮಪ್ಪ ಸರಿಯಾಗಿಯೇ ಕೂರಿಸಿದ್ದ, ಎಲ್ಲರೂ ಅವನಲ್ಲಿಗೇ ಹೋಗಿ ಎಂದು ನನ್ನ ಹೆಸರು ಹಾಕಿ ಮರಾಠಿಯಲ್ಲಿ ಬರೆದು, ಚುಕ್ಕಿಯ ಫೋಟೊವನ್ನೂ ಹಾಕಿದೆ. ಒಂದಿಬ್ಬರು ಕೈಮುಗಿದ ಚಿತ್ರ ಕಳಿಸಿದರು. ಅಷ್ಟೇ. ಸಂಜೆ ಮಂದಾರ ಫೋನು ಮಾಡಿದ. ಫೋಟೊ ಯಾವಾಗ ತೆಗೆದದ್ದು ಎಂದು ಕೇಳಿದ. ಇವತ್ತೇ ಅಂದೆ, ಅಂದರೆ ಚುಕ್ಕಿಯೂ ಇವತ್ತಿನದೇ ಎಂದು ಅವನು ತಿಳಿದಿರಬೇಕು. ಅವನು ಬಹಳ ಮರ್ಯಾದೆಯಿಂದ, ಕಾಕಾ, ನಿಮಗೆ ಯಾರಾದರೂ ಹೀಗೆ ಬರೆಯಿರಿ ಅಂದರೇ ಎಂದು ಕೇಳಿದ. ಆಮೇಲೆ ಇನ್ನೂ ಮೆತ್ತಗೆ ಹೇಳಿದ:

"ತೋ ತುಮಚಾಚ್ ಮಾಣೂಸ್ ನಾ, ಕಾಕಾ."

ಅವನು ನಿಮ್ಮವನೇ ಅಲ್ಲವೇ ಅಂದ ಹಾಗಾಯಿತು. ಇಬ್ಬರೂ ಕಾನಡಿ, ಅಂದರೆ ಕನ್ನಡದವರು, ಒಬ್ಬರನ್ನೊಬ್ಬರು ಉಳಿಸಿಕೊಳ್ಳುತ್ತಾರೆ ಎಂದು ಅವನ ಲೆಕ್ಕ. ನಾನು ಸಿಟ್ಟಿಗೆದ್ದು ಕೂಗಾಡಿದೆ. ಕೂಗಾಡಿದಷ್ಟೂ ಅವನಿಗೆ ನಿಜವೆನಿಸಿತೇನೋ. ಸಂಶಯಪಟ್ಟು ಆಡಿದ ನನ್ನ ಅರ್ಧ ಮಾತನ್ನು ಮೂವತ್ತಮೂರು ಜನ ಕಣ್ಣುಮುಚ್ಚಿ ನಂಬಿದ್ದರು. ಈಗ ಪುರಾವೆ ಸಮೇತ ಇಟ್ಟ ಪೂರ್ತಿ ಮಾತನ್ನು ಒಬ್ಬನೂ ನಂಬಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಕಿವಿಗೆ ಹೋದದ್ದು ಈಗ.

ಮರುದಿನ ಚೈನ್‌ರಿಂಗನ್ನು ಚೀಲದಲ್ಲಿ ಹಾಕಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಸಿದ್ರಾಮಪ್ಪನ ಅಂಗಡಿಗೆ ನಡೆದೇ ಹೋದೆ. ಹಾದಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅವನು ಎಂದಿನಂತೆ ಸ್ಟೂಲು ಒರೆಸಿದ. ನಾನು ಕೂರದೆ, ಚಕ್ರವನ್ನು ಅವನ ಮುಂದಿಟ್ಟು ಚುಕ್ಕಿ ತೋರಿಸಿದೆ. ಅವನ ಮುಖ ಅರಳಿತು.

"ನೋಡಿದ್ದೆ ಅಣ್ಣಾರ. ಗೇರ್ ಫ್ಯಾಕ್ಟರಿಯಾಗ ಇದ್ದವ್ರು, ಏನರ ಲೆಕ್ಕ ಇಟ್ಟ ಹೊಡದಿರಬೇಕು ಅಂದಕೊಂಡೆ. ಅದಕ್ಕ ಅದು ಪೆಡಲ್ ದಂಡದ ಹಿಂದ ಸರಿಯಾಗಿ ಬರೂಹಂಗ ಕುಂದ್ರಿಸಿದೆ. ಹೌದಲ್ರಿ?"

ನಾಲ್ಕು ತೂತಿನ ಚಕ್ರವನ್ನು ತಿರುಗಿಸಿ ನಾಲ್ಕು ರೀತಿಯಲ್ಲಿ ಕೂರಿಸಬಹುದು. ಅವನು ನನ್ನ ಚುಕ್ಕಿಯನ್ನು ನೋಡಿ, ಅದರಲ್ಲಿ ನನ್ನ ಜಾಣತನ ಏನೋ ಇದೆ ಎಂದು ನಂಬಿ, ಅದಕ್ಕೆ ತಕ್ಕ ಜಾಗ ಹುಡುಕಿ ಕೂರಿಸಿದ್ದ. ಹೌದು ಎಂದು ಅಲ್ಲಿಗೆ ಬಿಟ್ಟಿದ್ದರೆ ನಡೆಯುತ್ತಿತ್ತು. ಸೈಕಲ್ಲುಗಳು ಯಾಕೆ ಬರಲಿಲ್ಲವೆಂದು ಅವನಿಗೆ ಇಂದಲ್ಲ ನಾಳೆ ಯಾರೋ ಹೇಳುತ್ತಿದ್ದರು, ಅದು ನನ್ನ ಬಾಯಿಂದಲೇ ಬರಲಿ ಎಂದು ಎಲ್ಲವನ್ನೂ ಹೇಳಿದೆ. ಗುಂಪಿನ ಮಾತು, ಗಾಜಿನ ಅಂಗಡಿ, ನಿನ್ನೆ ಬರೆದದ್ದು, ಔಷಧಿ ಅಂಗಡಿಯ ಮುಂದೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಮೂವತ್ತನಾಲ್ಕು ಸೈಕಲ್ಲುಗಳ ಬಗ್ಗೆ ಅವನು ಏನನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ.

"ಚುಕ್ಕಿ ಯಾವಾಗ ಹೊಡದ್ರಿ? ನನ್ನ ಕಡೆ ಕೊಡೂಕಿಂತ ಮೊದಲ?"

"ಹೌದು."

"ನಾ ಏನೂ ಮಾಡೂಕಿಂತ ಮೊದಲ."

ಅದು ಅಭ್ಯಾಸ, ಎಲ್ಲರಿಗೂ ಹಾಗೇ ಮಾಡುತ್ತೇನೆ ಅಂದೆ. ಎಲ್ಲರ ಸಾಲಿನಲ್ಲಿ ಅವನನ್ನು ನಿಲ್ಲಿಸಿದ್ದೇ ತಪ್ಪು ಎಂಬುದು ಅಂದ ಮೇಲೆ ಹೊಳೆಯಿತು. ಅವನು ಎದ್ದು ಕೈ ತೊಳೆದುಕೊಂಡು ಬಂದ. ಅಂಗಡಿಯ ಮುಂದೆ ಹಳೆಯ ಪೇಪರು ಹಾಸಿದ. ಚೈನ್‌ರಿಂಗ್, ನಾಲ್ಕು ಬೋಲ್ಟು, ನಾಲ್ಕು ನಟ್ಟು, ಒಂದೊಂದನ್ನೂ ಒರೆಸಿ ಅದರ ಮೇಲೆ ಸಾಲಾಗಿ ಇಟ್ಟ. ತನ್ನ ಫೋನು ತೆಗೆದು ಫೋಟೊ ಹೊಡೆದ. ಪ್ರತಿಯೊಂದನ್ನು ಎತ್ತಿ ನನ್ನ ಕಣ್ಣ ಮುಂದೆ ತಿರುಗಿಸಿ ತೋರಿಸಿದ ಮೇಲೆಯೇ ಜೋಡಿಸಿದ. ಇಷ್ಟು ವರ್ಷ ಅವನು ನನಗೆ ಬೆನ್ನು ಮಾಡಿ, ಊರಿನ ಕಥೆ ಹೇಳುತ್ತ ಕೆಲಸ ಮಾಡುತ್ತಿದ್ದ. ಈಗ ಎದುರಿಗೆ ಕೂತು, ಬಾಯಿ ಮುಚ್ಚಿಕೊಂಡು, ಎರಡೂ ಕೈ ನನಗೆ ಕಾಣುವ ಹಾಗೆ ಇಟ್ಟುಕೊಂಡು ಮಾಡಿದ. ಯಾವ ಅಂಗಡಿಯಲ್ಲಾದರೂ ಕೆಲಸ ಹೀಗೆಯೇ ನಡೆಯಬೇಕೆಂದು ನಾನು ಜೀವನವಿಡೀ ಹೇಳಿಕೊಂಡು ಬಂದಿದ್ದೆ. ನೋಡುತ್ತ ನಿಲ್ಲುವುದು ನನ್ನಿಂದ ಆಗಲಿಲ್ಲ.

ಸಿದ್ರಾಮಪ್ಪ, ಸಾಕು ಮಾಡೋ, ನಾ ನೋಡೂದಿಲ್ಲ ಎಂದು ಎರಡು ಸಲ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಕೊನೆಯ ಬೋಲ್ಟು ಬಿಗಿದು, ಪೆಡಲು ತಿರುಗಿಸಿ, ಸೈಕಲ್ಲನ್ನು ನನ್ನ ಕಡೆಗೆ ತಿರುಗಿಸಿ ನಿಲ್ಲಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ದಾರಿಯಲ್ಲಿ ಹೋಗುವ ಯಾವ ಗಿರಾಕಿಗಾದರೂ ಹೇಳುವ ಹಾಗೆ ಮರಾಠಿಯಲ್ಲಿ ಹೇಳಿದ.

"ಝಾಲಂ, ಸಾಹೇಬ್. ನೀಟ್ ಬಘೂನ್ ಘ್ಯಾ."

ಆಯಿತು, ಸರಿಯಾಗಿ ನೋಡಿಕೊಳ್ಳಿ ಅಂದಿದ್ದ. ನಾನು ಕನ್ನಡದಲ್ಲಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವನು ಆಗಲೇ ಸ್ಟೂಲನ್ನು ಎತ್ತಿ ಒಳಗಿಡುತ್ತಿದ್ದ. ನಾನು ಬಗ್ಗಿ ಸೈಕಲ್ ನೋಡಿದೆ, ಆಮೇಲೆ ಮರಾಠಿಯಲ್ಲೇ 'ಬಘಿತಲಂ' ಅಂದೆ, ನೋಡಿದೆ ಎಂದು.